ಎರಡನೇ ಭೇಟಿ ಜಗಲಿಯಲ್ಲೇ

ಮಾವನಿಗಿರುವ ಪಾರ್ಕಿನ್ಸನ್ಸ್ ಎಂಬ ನರರೋಗದ ಸುಳಿವು ಮೊದಲು ಸಿಕ್ಕಿದ್ದು ಅವರ ಅಡಿಕೆ ಲೆಕ್ಕದ ಪುಸ್ತಕದಲ್ಲಿ. ಚಾಲಿ (ಒಣಗಿಸಿ ಸುಲಿದ ಅಡಿಕೆ) ಎಷ್ಟು ಕ್ವಿಂಟಲ್ ಆಯಿತು, ಯಾವ ದಿನ ಸೊಸೈಟಿಗೆ ಹೋಯಿತು, ಆಳಿಗೆ ಕೊಟ್ಟದ್ದೆಷ್ಟು ಎಂದೆಲ್ಲ ಗುಂಡಗೆ ಬರೆದಿಡುವ ಅಭ್ಯಾಸ ಅವರದ್ದು. ಆ ವರ್ಷದ ಪುಟ ತಿರುವಿದರೆ ಅಕ್ಷರ ಬರಬರುತ್ತ ಸಣ್ಣದಾಗಿದೆ. ಒಂದೇ ಸಾಲಿನಲ್ಲೂ ಕೊನೆಗೆ ಹೋದಷ್ಟು ಚಿಕ್ಕದು. ಇವರು, ನನ್ನ ಗಂಡ, ಕನ್ನಡಕದ ನಂಬರು ಬದಲಾಗಿರಬೇಕು ಅಂದರು. ಅತ್ತೆ ವಯಸ್ಸಾಯಿತು ಅಂದರು. ಸುಮ್ಮನೆ ಕೂತಾಗ ಬಲಗೈ ಹೆಬ್ಬೆರಳು ತೋರುಬೆರಳಿಗೆ ಉಜ್ಜಿಕೊಂಡು ಅಲುಗಾಡುವುದು ಶುರುವಾದ ಮೇಲೂ ಮಾವನದ್ದು ಒಂದೇ ಮಾತು: "ಯಂಗೆಂತ ಆಯ್ದಿಲ್ಲೆ." ನನಗೇನೂ ಆಗಿಲ್ಲ ಎಂದು.

ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲೂಕಿನ ಘಟ್ಟದ ಅಂಚಿನ ಊರು ನಮ್ಮದು. ಜ್ವರ, ಹಾವು ಕಡಿತ, ಹೆರಿಗೆಗೆ ತಾಲೂಕು ಆಸ್ಪತ್ರೆ ಇದೆ. ನರರೋಗ ತಜ್ಞರು ಬೇಕೆಂದರೆ ಹುಬ್ಬಳ್ಳಿ, ಶಿವಮೊಗ್ಗ, ಇಲ್ಲವೇ ಘಟ್ಟ ಇಳಿದು ಮಣಿಪಾಲ. ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು ವರ್ಷಗಳಿಂದ ಇದೆ, ಅದನ್ನು ಬರೆಯಲು ಹೊರಟರೆ ಇನ್ನೊಂದೇ ಲೇಖನವಾದೀತು. ಇಲ್ಲಿ ಹೇಳಹೊರಟಿದ್ದು ಮಾವನ ಕಾಯಿಲೆಯ ಜೊತೆಗೆ ಫೋನು, ಒಟಿಪಿ, ವಿಡಿಯೊ ಎಲ್ಲ ನಮ್ಮ ಮನೆಯೊಳಗೆ ಬಂದ ಬಗೆಯನ್ನು.

ಮೊದಲ ಹೆಜ್ಜೆ ಇಟ್ಟವರು ನಮ್ಮ ಆರೋಗ್ಯ ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ, ಅಂದರೆ ಸಿಎಚ್‌ಒ ಮೇಡಂ. ಬಿಪಿ ನೋಡಿಸಲು ಹೋದ ಮಾವನ ಕೈ ನೋಡಿ "ಡಾಕ್ಟರಿಗೆ ಈಗಲೇ ತೋರಿಸೋಣ" ಎಂದು ಟ್ಯಾಬ್ ತೆಗೆದರು. ಅದು ಇ-ಸಂಜೀವಿನಿ. ಮೊಹಾಲಿಯ ಸಿ-ಡ್ಯಾಕ್ ಎಂಬ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಕಟ್ಟಿದ ಸರಕಾರಿ ವ್ಯವಸ್ಥೆ. 2019ರ ನವೆಂಬರಿನಲ್ಲಿ ಹಳ್ಳಿಯ ಕೇಂದ್ರದಿಂದ ದೂರದ ಡಾಕ್ಟರಿಗೆ ತೋರಿಸುವ ರೂಪದಲ್ಲಿ ಶುರುವಾಗಿದ್ದು. ಕೊರೊನಾ ಬಂದು ಎಲ್ಲ ಬಾಗಿಲು ಮುಚ್ಚಿದಾಗ, 2020ರ ಏಪ್ರಿಲಿನಲ್ಲಿ, ಮನೆಯಿಂದಲೇ ಕೇಳಬಹುದಾದ ಒಪಿಡಿಯೂ ಅದಕ್ಕೆ ಸೇರಿತು. ಮನೆಯಿಂದ ಮಾಡುವುದಾದರೆ ಮೊಬೈಲ್ ನಂಬರು ಕೊಟ್ಟು, ಒಟಿಪಿ ಹಾಕಿ, ಟೋಕನ್ ಪಡೆದು ಸರದಿಗೆ ಕಾಯಬೇಕು. ಉಪಕೇಂದ್ರದಿಂದಾದರೆ ಆ ಕೆಲಸವೆಲ್ಲ ಸಿಎಚ್‌ಒ ಅವರದ್ದು. ನನ್ನ ಕೇಳಿದರೆ ವಯಸ್ಸಾದವರಿಗೆ ಎರಡನೆಯದೇ ಸರಿ. ಬಿಪಿ, ಸಕ್ಕರೆ, ತೂಕ ಅಲ್ಲೇ ಅಳೆದು ತುಂಬಿಸುತ್ತಾರೆ. ಮನೆಯಲ್ಲಿ ಕೂತು "ತಲೆ ಒಂಥರಾ ಆಗ್ತದೆ" ಎಂದು ಹೇಳುವುದಕ್ಕಿಂತ ಡಾಕ್ಟರಿಗೆ ಅದು ಎಷ್ಟೋ ಉಪಯೋಗ.

ತೆರೆಯ ಮೇಲೆ ಬಂದ ಡಾಕ್ಟರಮ್ಮ ಎರಡೂ ಕೈ ತೊಡೆಯ ಮೇಲೆ ಇಡಿ ಅಂದರು, ಮುಂದೆ ಚಾಚಿ ಅಂದರು, ಒಮ್ಮೆ ಎದ್ದು ನಡೆಯಿರಿ ಅಂದರು. ಮಾವನ ಬಲಗೈ ನಡೆಯುವಾಗ ಬೀಸುವುದೇ ಇಲ್ಲ ಎಂಬುದನ್ನು ದಿನಾ ನೋಡುವ ನಾವು ಅಂದು ನೋಡಿದೆವು. ಅವರು ಕಾಯಿಲೆಯ ಹೆಸರು ಹೇಳಲಿಲ್ಲ. ನರರೋಗ ತಜ್ಞರೇ ಕೈ ಹಿಡಿದು ನೋಡಬೇಕು ಎಂದು ಚೀಟಿ ಬರೆದರು. ಇಷ್ಟಕ್ಕೆ ಇಷ್ಟೆಲ್ಲ ಬೇಕಿತ್ತೇ ಎಂದು ಮನೆಗೆ ಬಂದ ನೆಂಟರೊಬ್ಬರು ನಕ್ಕರು. ನನಗೆ ಹಾಗನ್ನಿಸಲಿಲ್ಲ. ಮಾವನಿಗೆ ಭುಜ ಬಿಗಿಯುತ್ತಿತ್ತು. ಆ ಚೀಟಿ ಇಲ್ಲದಿದ್ದರೆ ನಾವು ಮೂಳೆ ಡಾಕ್ಟರ ಬಳಿ ಹೋಗಿ ಎಕ್ಸ್‌ರೇ ತೆಗೆಸಿ, ಎಣ್ಣೆ ಹಚ್ಚಿಕೊಂಡು ಒಂದು ಮಳೆಗಾಲ ಕಳೆಯುತ್ತಿದ್ದೆವು. ಈ ಕಾಯಿಲೆಯವರು ಬಹಳ ಜನ ಮೊದಲು ಭುಜನೋವಿನ ದಾರಿಯಲ್ಲೇ ಅಲೆಯುತ್ತಾರಂತೆ.

ಹುಬ್ಬಳ್ಳಿಗೆ ಹೊರಡುವ ಮೊದಲು ಆಭಾ ಸಂಖ್ಯೆ ಮಾಡಿಸಿಟ್ಟುಕೊಳ್ಳಿ ಎಂದವರೂ ಸಿಎಚ್‌ಒ ಅವರೇ. ಇಲ್ಲಿ ಒಂದು ಗೊಂದಲ ಬಿಡಿಸಬೇಕು, ನಮ್ಮೂರಲ್ಲಿ ಅರ್ಧಕ್ಕರ್ಧ ಜನ ಆಭಾ, ಆಯುಷ್ಮಾನ್ ಕಾರ್ಡು ಎರಡನ್ನೂ ಒಂದೇ ಎಂದುಕೊಂಡಿದ್ದಾರೆ. ಆಭಾ ಎಂದರೆ 14 ಅಂಕಿಯ ಒಂದು ಗುರುತಿನ ಸಂಖ್ಯೆ. ನಮ್ಮ ಚೀಟಿ, ರಿಪೋರ್ಟುಗಳನ್ನು ಅದರ ಹೆಸರಿಗೆ ಜೋಡಿಸಿ ಬೇಕಾದ ಡಾಕ್ಟರಿಗೆ ನಮ್ಮ ಒಪ್ಪಿಗೆ ಪಡೆದು ತೋರಿಸುವುದಕ್ಕೆ ಇರುವುದು. 2021ರ ಸೆಪ್ಟೆಂಬರಿನಲ್ಲಿ ದೇಶಕ್ಕೆಲ್ಲ ಹರಡಿದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿನ ಭಾಗ. ಅದರಿಂದ ಒಂದು ರೂಪಾಯಿಯ ಚಿಕಿತ್ಸೆಯೂ ಸಿಗುವುದಿಲ್ಲ. ದುಡ್ಡಿನ ನೆರವು ಕೊಡುವುದು ಆಯುಷ್ಮಾನ್ ಕಾರ್ಡು. ನಮ್ಮ ರಾಜ್ಯದಲ್ಲಿ 2018ರಲ್ಲಿ ರಾಜ್ಯದ್ದೇ ಆದ ಆರೋಗ್ಯ ಕರ್ನಾಟಕ ಯೋಜನೆಯ ಜೊತೆ ಸೇರಿಸಿ ಬಂದದ್ದು ಅದು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು, ಅದೂ 1.5 ಲಕ್ಷದ ಮಿತಿಯಲ್ಲಿ. ಅದು ಒಳರೋಗಿಯಾಗಿ ಮಲಗಿದವರ ಚಿಕಿತ್ಸೆಗೆ. ಮಾವನಂಥವರು ಜೀವನವಿಡೀ ನುಂಗಬೇಕಾದ ಮಾತ್ರೆಯ ಖರ್ಚು ಎರಡೂ ಕಾರ್ಡಿನಲ್ಲಿ ಇಲ್ಲ.

ಆಭಾ ಮಾಡಲು ಆಧಾರ್ ಸಂಖ್ಯೆ ಹಾಕಿದೆ. ಒಟಿಪಿ ಹೋಗಿದ್ದು ಎಂದೋ ಬಂದ್ ಆದ ಒಂದು ಸಿಮ್ಮಿಗೆ. ಆಧಾರ್ ಮಾಡಿಸುವಾಗ ಜೊತೆಗಿದ್ದ ಯಾರದೋ ನಂಬರು ಕೊಟ್ಟುಬಿಟ್ಟ ಮನೆಗಳು ನಮ್ಮ ಕಡೆ ಲೆಕ್ಕವಿಲ್ಲದಷ್ಟು. ನಂಬರು ಬದಲಿಸಲು ಮಾವನನ್ನು ಪೇಟೆಯ ಕೇಂದ್ರಕ್ಕೆ ಕರೆದೊಯ್ದು ಸರದಿಯಲ್ಲಿ ನಿಲ್ಲಿಸಬೇಕೆಂದುಕೊಂಡಿದ್ದೆವು. ಆಗ ಗೊತ್ತಾಗಿದ್ದು, ಅಂಚೆಯಣ್ಣನೇ ಮನೆಗೆ ಬಂದು ಈ ಕೆಲಸ ಮಾಡಿಕೊಡುತ್ತಾರೆ ಎಂದು. ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಮೂಲಕ 2021ರಿಂದ ಈ ಸೌಲಭ್ಯ ಇದೆ. ಹಾಸಿಗೆ ಹಿಡಿದವರು ಇರುವ ಮನೆಯವರು ಇದೊಂದನ್ನಾದರೂ ನೆನಪಿಟ್ಟುಕೊಳ್ಳಿ.

ಅಂಚೆಯಣ್ಣ ಬಂದು ಬೆರಳಚ್ಚಿನ ಪುಟ್ಟ ಯಂತ್ರವನ್ನು ಜಗಲಿಯ ಮೇಲೆ ಇಟ್ಟರು. ಮಾವ ಬೆರಳಿಟ್ಟರು. ಬೆರಳು ನಡುಗಿತು, ಯಂತ್ರ ಒಪ್ಪಲಿಲ್ಲ. ಒರೆಸಿ ಇಟ್ಟರೂ ಅಷ್ಟೇ. "ಹೆಗಡೇರೆ, ಸುಮ್ನೆ ಇಡಬೇಡಿ, ಒತ್ತಿ ಹಿಡೀರಿ" ಅಂದರು ಅಂಚೆಯಣ್ಣ. ಒತ್ತಿದರು. ನಡುಕ ನಿಂತಿತು, ಹಸಿರು ದೀಪ ಹತ್ತಿತು. ಈ ಕಾಯಿಲೆಯ ನಡುಕ ಕೈ ಬಿಡುವಾಗಿದ್ದಾಗ ಹೆಚ್ಚು, ಕೆಲಸಕ್ಕೆ ಹಚ್ಚಿದರೆ ಕಡಿಮೆ ಎಂದು ಆಮೇಲೆ ನರರೋಗ ತಜ್ಞರು ವಿವರಿಸಿದಾಗ ಮಾವ ನನ್ನ ಮುಖ ನೋಡಿದರು. ಅಂಚೆಯಣ್ಣ ಅದನ್ನು ಮೊದಲೇ ಕಂಡುಹಿಡಿದಿದ್ದರಲ್ಲ!

ಹುಬ್ಬಳ್ಳಿಯ ಆಸ್ಪತ್ರೆಯ ಒಪಿಡಿ ಕೌಂಟರಿನ ಪಕ್ಕ ಒಂದು ಕ್ಯುಆರ್ ಕೋಡ್ ಅಂಟಿಸಿದ್ದರು. ಫೋನಿನ ಆ್ಯಪ್‌ನಿಂದ ಸ್ಕ್ಯಾನ್ ಮಾಡಿದರೆ ಹೆಸರು, ವಯಸ್ಸು, ವಿಳಾಸ ತಾನಾಗಿ ಆಸ್ಪತ್ರೆಗೆ ಹೋಗುತ್ತದೆ, ಟೋಕನ್ ಸಂಖ್ಯೆ ಫೋನಿಗೆ ಬರುತ್ತದೆ. ಹೆಸರು ಹೇಳಿ ಬರೆಸುವ ಉದ್ದ ಸಾಲು ತಪ್ಪಿತು. ಡಾಕ್ಟರ ಕೋಣೆಯ ಮುಂದಿನ ಕಾಯುವಿಕೆಯೇನೂ ಕಡಿಮೆಯಾಗಲಿಲ್ಲ. ಆದರೆ ನಿಲ್ಲಲು ಕಷ್ಟಪಡುವವರಿಗೆ ನಿಂತು ಕಾಯುವುದು ಹೋಗಿ ಕೂತು ಕಾಯುವುದು ಬಂತು, ಅದೇನು ಸಣ್ಣದಲ್ಲ.

ತಜ್ಞರು ಮಾವನ ಮಣಿಕಟ್ಟು ಹಿಡಿದು ತಿರುಗಿಸಿದರು, ಮೊಣಕೈ ಮಡಚಿ ಬಿಡಿಸಿದರು. ಹಿಂದೆ ನಿಂತು ಭುಜ ಹಿಡಿದು ತಟ್ಟನೆ ಎಳೆದರು, ಎಷ್ಟು ಹೆಜ್ಜೆ ಹಿಂದಿಟ್ಟು ಸಾವರಿಸಿಕೊಳ್ಳುತ್ತಾರೆ ಎಂದು ನೋಡಲು. ಒಂದು ಕಾಗದ ಕೊಟ್ಟು ಬರೆಯಿರಿ ಎಂದರು. ಲೆಕ್ಕದ ಪುಸ್ತಕದ ವಿಷಯ ಆಗ ಹೊರಬಿತ್ತು. ಪಾರ್ಕಿನ್ಸನ್ಸ್ ಎಂದು ಖಚಿತವಾಗಿ ಹೇಳುವ ರಕ್ತಪರೀಕ್ಷೆ ಇಲ್ಲ, ಸ್ಕ್ಯಾನು ಮಾಡಿಸುವುದು ಬೇರೆ ಯಾವ ಕಾಯಿಲೆಯೂ ಅಲ್ಲ ಎಂದು ತಿಳಿಯಲು, ನಿರ್ಧಾರ ಆಗುವುದು ಈ ಕೈ ಕಾಲು ನೋಡುವುದರಲ್ಲೇ ಅಂದರು. ಲೆವೊಡೋಪಾ–ಕಾರ್ಬಿಡೋಪಾ ಮಾತ್ರೆ ಸಣ್ಣ ಪ್ರಮಾಣದಲ್ಲಿ ಶುರು ಮಾಡಿ, ನೋಡಿಕೊಂಡು ಏರಿಸುತ್ತ ಹೋಗಬೇಕು.

ಈ 'ನೋಡಿಕೊಂಡು' ಎಂಬಲ್ಲೇ ನಮ್ಮಂಥ ಊರಿನವರು ಸೋಲುವುದು. ಮೊದಲ ಸಲ ಹೇಗಾದರೂ ಹೋಗಿಬಿಡುತ್ತೇವೆ. ಬಾಡಿಗೆ ಕಾರು, ತಮ್ಮನ ರಜೆ, ಕೊಟ್ಟಿಗೆ ನೋಡಿಕೊಳ್ಳಲು ಪಕ್ಕದ ಮನೆಯವರು ಎಲ್ಲ ಹೊಂದುತ್ತದೆ. ಎರಡನೆಯ, ಮೂರನೆಯ ಸಲಕ್ಕೆ ಹೊಂದುವುದಿಲ್ಲ. ಮಾತ್ರೆಯಿಂದ ಸ್ವಲ್ಪ ಗುಣ ಕಂಡಿತೋ, ಅದೇ ಚೀಟಿಯನ್ನು ಅಂಗಡಿಗೆ ತೋರಿಸುತ್ತ ವರ್ಷಗಟ್ಟಲೆ ಅದೇ ಪ್ರಮಾಣ ನುಂಗುತ್ತಾರೆ. ಗುಣ ಕಾಣಲಿಲ್ಲವೋ, ಬಿಟ್ಟೇಬಿಡುತ್ತಾರೆ. ನಮ್ಮೂರಲ್ಲಿ ಬಿಪಿ, ಥೈರಾಯ್ಡ್, ಮೂರ್ಛೆರೋಗ ಯಾವುದರ ಕಥೆಯೂ ಹೀಗೆಯೇ. ಹಾಗಾಗಿ "ಮುಂದಿನ ಸಲ ವಿಡಿಯೊದಲ್ಲಿ ಬನ್ನಿ" ಎಂದು ತಜ್ಞರು ಹೇಳಿದಾಗ ಇವರಿಗೆ ಅನುಮಾನ, ನನಗೆ ಪ್ರಯಾಣ ತಪ್ಪಿದ ಸಂತೋಷ. ವಿಡಿಯೊ ಹೆಚ್ಚು ಒದಗುವುದು ಈ ಎರಡನೇ ಭೇಟಿಗೇ ಎಂದು ನನ್ನ ಎಣಿಕೆ.

ಇದಕ್ಕೆ ಸರಿಯಾದ ನಿಯಮವೂ ಇದೆ. 2020ರ ಮಾರ್ಚ್ 25ರಂದು ಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ಎದುರಾ ಎದುರು ನೋಡಿದ ಆರು ತಿಂಗಳೊಳಗೆ ಅದೇ ಕಾಯಿಲೆಗೆ ಮತ್ತೆ ಕೇಳಿದರೆ ಅದು ಮರುಭೇಟಿ. ಮರುಭೇಟಿಯಲ್ಲಿ ಡಾಕ್ಟರು ಹಳೆಯ ಮಾತ್ರೆ ಮುಂದುವರಿಸಬಹುದು, ಅದಕ್ಕೆ ಸೇರಿಸಿ ಕೊಡಬಹುದು. ಮೊದಲ ಸಲವೇ ಫೋನಿನಲ್ಲಿ ಕೇಳಿದರೆ ಬರೆಯಬಹುದಾದ ಔಷಧಗಳ ಪಟ್ಟಿ ಇದಕ್ಕಿಂತ ಕಿರಿದು. ಮಾದಕ ವಸ್ತು ಕಾಯ್ದೆಯಡಿ ಬರುವಂಥವು, ಬಿಗಿ ನಿಯಂತ್ರಣದ ಔಷಧಗಳ ಪಟ್ಟಿಯಾದ ಶೆಡ್ಯೂಲ್ ಎಕ್ಸ್‌ನವು ನಿಷಿದ್ಧ. ಚೀಟಿಯ ಮೇಲೆ ಡಾಕ್ಟರ ನೋಂದಣಿ ಸಂಖ್ಯೆ ಇರಲೇಬೇಕು. ಪೇಟೆಯ ಔಷಧ ಅಂಗಡಿಯವರು ಪಿಡಿಎಫ್ ಪ್ರಿಂಟ್ ನೋಡಿ ಮುಖ ಸಿಂಡರಿಸಿದಾಗ ಆ ಸಂಖ್ಯೆಯನ್ನೇ ತೋರಿಸಿದೆ. ಕೊಟ್ಟರು.

ವಿಡಿಯೊ ಭೇಟಿ ಎಂದರೆ ಫೋನ್ ಹಿಡಿದು ಮಾತಾಡುವುದು ಎಂದುಕೊಂಡವರಿಗೆ ನಮ್ಮ ಅನುಭವ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಆಸ್ಪತ್ರೆಯಿಂದ ಮೊದಲೇ ಒಂದು ಸೂಚನೆ ಬಂದಿತ್ತು: ಮೂರು ದಿನದ ದಿನಚರಿ ಬರೆದು ಕಳಿಸಿ, ಮಾತ್ರೆ ತೆಗೆದುಕೊಂಡ ಹೊತ್ತು, ಊಟದ ಹೊತ್ತು, ಕೈಕಾಲು ಹಗುರವಾಗಿದ್ದ ಹೊತ್ತು, ಬಿಗಿದ ಹೊತ್ತು. ಬರೆಯುತ್ತ ಹೋದಂತೆ ನಮಗೇ ತಿಳಿಯಿತು, ಬೆಳಗಿನ ಮಾತ್ರೆ ಕೆಲಸವನ್ನೇ ಮಾಡುತ್ತಿಲ್ಲ. ಮಾವ ಅದನ್ನು ದೋಸೆಯ ಜೊತೆ, ಮೇಲೆ ಒಂದು ಲೋಟ ಹಾಲಿನೊಂದಿಗೆ ನುಂಗುತ್ತಿದ್ದರು. ಪ್ರೋಟೀನಿನ ಜೊತೆ ಹೋದರೆ ಈ ಮಾತ್ರೆ ಸರಿಯಾಗಿ ಹತ್ತುವುದಿಲ್ಲ. ತಿಂಡಿಗೆ ಅರ್ಧ ತಾಸು ಮುಂಚೆ ಬರೀ ನೀರಲ್ಲಿ ತೆಗೆದುಕೊಳ್ಳಬೇಕು. ಡೋಸು ಏರಿಸುವ ಮೊದಲೇ ತಜ್ಞರು ಹೇಳಿದ್ದು ಇದನ್ನು. ಹುಬ್ಬಳ್ಳಿಯ ಕೋಣೆಯಲ್ಲಿ ಕೂತು, ಹೊರಗೆ ಇಪ್ಪತ್ತು ಜನ ಕಾಯುವಾಗ, ದೋಸೆಯ ವಿಷಯ ನಮ್ಮ ಬಾಯಿಂದ ಬರುತ್ತಲೇ ಇರಲಿಲ್ಲ.

ಲೆವೊಡೋಪಾ ಶುರುವಾದವರಿಗೆ ಎದ್ದು ನಿಂತ ಕೂಡಲೇ ಬಿಪಿ ಇಳಿದು ತಲೆ ಸುತ್ತಬಹುದು. ಅದಕ್ಕೆ ಭೇಟಿಯ ಹಿಂದಿನ ದಿನ ಉಪಕೇಂದ್ರಕ್ಕೆ ಹೋಗಿ ಮಲಗಿದಾಗ ಒಮ್ಮೆ, ಎದ್ದು ನಿಂತ ಮೇಲೆ ಒಮ್ಮೆ ಬಿಪಿ ಅಳೆಸಿ ಬರೆದುಕೊಂಡೆವು. ಭೇಟಿಯ ದಿನ ಫೋನನ್ನು ಒಂದು ಮರದ ಸ್ಟೂಲಿನ ಮೇಲೆ ಅಕ್ಕಿಡಬ್ಬಕ್ಕೆ ಆನಿಸಿ ಇಟ್ಟೆ. ಮೊದಲು ಒಳಗಿನ ಕೋಣೆಯಲ್ಲಿ ಮಾಡಿದರೆ ಕಿಟಕಿಯ ಬೆಳಕು ಬೆನ್ನಿಗೆ ಬಿದ್ದು ಮಾವನ ಮುಖವೇ ಕಪ್ಪು. ಜಗಲಿಗೆ ಬಂದೆವು. "ಡಾಕ್ಟ್ರು ಕಾಣ್ತ್ರು ತಂಗಿ, ಅವ್ಕೆ ಯನ್ನ ಮೋರೆ ಕಾಣ್ತಾ?" ಎಂದು ಮಾವ ಕೇಳಿದ್ದು ತಜ್ಞರಿಗೂ ಕೇಳಿಸಿ ಅವರು ನಕ್ಕರು.

ಹೆಬ್ಬೆರಳು ತೋರುಬೆರಳು ತಟ್ಟಿ, ದೊಡ್ಡದಾಗಿ, ಬೇಗ ಬೇಗ. ಮುಷ್ಟಿ ಕಟ್ಟಿ ಬಿಡಿ. ಎದೆಗೆ ಕೈ ಕಟ್ಟಿಕೊಂಡು ಕುರ್ಚಿಯಿಂದ ಏಳಿ. ಜಗಲಿಯ ಆ ತುದಿಯವರೆಗೆ ನಡೆದು ತಿರುಗಿ ಬನ್ನಿ. ತಿರುಗುವಾಗ ಮಾವ ಒಂದೇ ಹೆಜ್ಜೆಗೆ ತಿರುಗಲಾರದೆ ಪುಟ್ಟ ಪುಟ್ಟ ಹೆಜ್ಜೆ ಹಾಕಿದ್ದನ್ನು ತಜ್ಞರು ಇನ್ನೊಮ್ಮೆ ಮಾಡಿಸಿ ನೋಡಿದರು. ನಮ್ಮ ಹೊಸಿಲು ನೋಡಿ, ಅದನ್ನು ದಾಟುವುದನ್ನೂ ತೋರಿಸಿ ಅಂದರು. ಹಳೆಯ ಮನೆಯ ಎತ್ತರದ ಹೊಸಿಲು, ಬಚ್ಚಲಿಗೆ ಇಳಿಯುವ ಪಾವಟಿಗೆ, ರಾತ್ರಿ ಎದ್ದು ಹೋಗುವ ದಾರಿ ಎಲ್ಲವನ್ನೂ ನಾನು ಫೋನ್ ಹಿಡಿದು ತೋರಿಸಿದೆ. ಬಚ್ಚಲ ಗೋಡೆಗೆ ಹಿಡಿಕೆ ಹಾಕಿಸಿ ಎಂದರು. ಆಸ್ಪತ್ರೆಯಲ್ಲಿ ಕಾಣದ ಮನೆ ವಿಡಿಯೊದಲ್ಲಿ ಕಂಡಿತು.

ಆಗದ್ದೂ ಇದೆ. ಮಣಿಕಟ್ಟಿನ ಬಿಗಿತ ಕೈ ಹಿಡಿದೇ ನೋಡಬೇಕು. ಹಿಂದಿನಿಂದ ಎಳೆದು ಸಮತೋಲ ನೋಡುವ ಪರೀಕ್ಷೆಯನ್ನು ಮನೆಯಲ್ಲಿ ನಾವು ಮಾಡಹೋಗಬಾರದು, ಬಿದ್ದಾರು. ಇವೆರಡನ್ನು ಬಿಟ್ಟರೆ ಉಳಿದದ್ದು ಬಹುಪಾಲು ತೆರೆಯ ಮೇಲೆ ತಿಳಿಯುತ್ತದೆ ಎಂದು ತಜ್ಞರೇ ಹೇಳಿದರು. ಹಾಗಾಗಿ ವಿಡಿಯೊದ ನಡುನಡುವೆ ಒಮ್ಮೆ ಮುಖತಃ ಹೋಗಿಬರುವುದು ಇದ್ದೇ ಇದೆ.

ನೆಟ್‌ವರ್ಕಿನ ಮಾತು ಕೇಳಲೇಬೇಡಿ. ಮಳೆಗಾಲದಲ್ಲಿ ಮರ ಬಿದ್ದರೆ ಕರೆಂಟು ಹೋಯಿತು, ಕರೆಂಟು ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಹೋಯಿತು, ಮನೆಗೆ ಎಳೆಸಿದ ಫೈಬರ್ ತಂತಿ ಆ ಮರದ ಕೆಳಗೇ. ಆಷಾಢದ ಒಂದು ಭೇಟಿ ಮಾವ ಕುರ್ಚಿಯಿಂದ ಅರ್ಧ ಎದ್ದಲ್ಲಿಗೆ ನಿಂತುಹೋಯಿತು. ಈಗ ಮಾವ ನಡೆಯುವುದನ್ನು ಮೊದಲೇ ವಿಡಿಯೊ ಮಾಡಿ ಕಳಿಸಿಬಿಡುತ್ತೇವೆ, ಲೈನು ಕೆಟ್ಟರೆ ಉಳಿದದ್ದನ್ನು ಬರೀ ಕರೆಯಲ್ಲಿ ಮುಗಿಸುತ್ತಾರೆ.

ಇದೇನೂ ನಿನ್ನೆ ಮೊನ್ನೆ ಹುಟ್ಟಿದ ಯೋಚನೆಯಲ್ಲ. 2002ರಷ್ಟು ಹಿಂದೆಯೇ ಇಸ್ರೋ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತ್ತು. ಆಗ ಅದಕ್ಕೆ ಡಿಶ್ ಬೇಕಿತ್ತು, ಈಗ ಅಕ್ಕಿಡಬ್ಬ ಸಾಕು. ಎರಡನೇ ಭೇಟಿಗೇ ಇದು ಹೆಚ್ಚು ಒದಗುವುದು ಎಂಬ ನನ್ನ ಮಾತಿಗೆ ಅಪವಾದವೂ ಅದೇ ಹೃದಯದ ಕಡೆಯಿಂದ ಇದೆ. ಪುನೀತ್ ರಾಜಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ದೂರದ ತಜ್ಞರಿಗೆ ಕೂಡಲೇ ಹೋಗುತ್ತದೆ, ಹೃದಯಾಘಾತವೆಂದಾದರೆ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಅಲ್ಲೇ ಕೊಡುತ್ತಾರೆ. ಅಲ್ಲಿ ಮೊದಲ ನೋಟವೇ ಜೀವ ಉಳಿಸುವುದು. ನಿಧಾನವಾಗಿ ಬೆಳೆಯುವ ಕಾಯಿಲೆಗಳ ದಾರಿ ಬೇರೆ.

ಯಾರೂ ಹೇಳದ ಒಂದು ತೊಡಕನ್ನು ಬರೆಯಬೇಕು. ಮಾವನ ಆಭಾ ನನ್ನ ಫೋನಿನಲ್ಲಿದೆ. ಅವರ ರಿಪೋರ್ಟು ನೋಡಲು ಯಾರಾದರೂ ಅನುಮತಿ ಕೇಳಿದರೆ ಒಪ್ಪಿಗೆಯ ಗುಂಡಿ ಒತ್ತುವವಳು ನಾನು. ಡಾಕ್ಟರ ಜೊತೆ ಮಾತಾಡುವಾಗ ಫೋನ್ ಹಿಡಿದವಳೂ ನಾನೇ, ಹಾಗಾಗಿ ಅವರಿಗೆ ಬದಲಾಗಿ ಉತ್ತರ ಹೇಳುವವಳೂ ನಾನೇ ಆಗಿಬಿಟ್ಟಿದ್ದೆ. "ನೀ ಅದೆಲ್ಲ ಹೇಳಡ" ಎಂದು ಮಾವ ಒಮ್ಮೆ ಗದರಿದರು, ನಾನು ಮಲಬದ್ಧತೆಯ ವಿಷಯ ಎತ್ತಿದ್ದಕ್ಕೆ. ತಜ್ಞರು ಅದನ್ನು ಗಮನಿಸಿರಬೇಕು. ಮುಂದಿನ ಭೇಟಿಯಲ್ಲಿ "ನೀವು ಸ್ವಲ್ಪ ಆಚೆ ಇರ್ತೀರಾ ಅಮ್ಮ, ಹೆಗಡೇರ ಹತ್ರ ಒಬ್ಬರೇ ಮಾತಾಡ್ತೀನಿ" ಅಂದರು. ನಾನು ಅಂಗಳಕ್ಕೆ ಇಳಿದು ಅಡಿಕೆ ಹರವುತ್ತ ನಿಂತೆ. ಒಳಗೆ ಬಹಳ ಹೊತ್ತು ಮಾತಾಯಿತು. ಏನೆಂದು ಇವತ್ತಿಗೂ ಕೇಳಿಲ್ಲ. ಅದಾದ ಮೇಲೆ ಪ್ರತಿ ಭೇಟಿಯಲ್ಲೂ ಒಂದಿಷ್ಟು ಹೊತ್ತು ಅವರಿಗೇ ಬಿಡುತ್ತೇನೆ. ಆಸ್ಪತ್ರೆಯ ಕೋಣೆಯಲ್ಲಾದರೆ ಬಾಗಿಲು ಹಾಕಿಕೊಳ್ಳಬಹುದಿತ್ತು. ಮನೆಯಲ್ಲಿ ಒಬ್ಬರೇ ಇರುವ ಜಾಗವನ್ನು ನಾವೇ ಮಾಡಿಕೊಡಬೇಕು.

ಆ ಚಳಿಗಾಲದಲ್ಲಿ ಮಾವ ಮಾತು ಕಡಿಮೆ ಮಾಡಿದರು. ಪೇಪರು ಬಿಡಿಸುವುದಿಲ್ಲ, ತೋಟದ ಕಡೆ ಕಾಲಿಡುವುದಿಲ್ಲ. ಅತ್ತೆ ಒಳಗೊಳಗೇ ಅಳುವುದು ನೋಡಲಾರದೆ ಒಂದು ರಾತ್ರಿ 14416ಕ್ಕೆ ಕರೆ ಮಾಡಿದೆ. ಟೆಲಿ-ಮನಸ್, 2022ರ ಅಕ್ಟೋಬರ್ 10ರಂದು ಶುರುವಾದ ಮಾನಸಿಕ ಆರೋಗ್ಯದ ಉಚಿತ ಸಹಾಯವಾಣಿ, ದೇಶಕ್ಕೆಲ್ಲ ಅದರ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸ್. ಕನ್ನಡದಲ್ಲೇ ಮಾತಾಡಿದರು. ಈ ಕಾಯಿಲೆಯಲ್ಲಿ ಮನಸ್ಸು ಕುಗ್ಗುವುದೂ ಕಾಯಿಲೆಯದೇ ಒಂದು ಭಾಗ, ತಪ್ಪದೆ ನರರೋಗ ತಜ್ಞರಿಗೆ ಹೇಳಿ ಎಂದರು. ಆಮೇಲೆ "ನೀವು ನಿದ್ದೆ ಮಾಡ್ತಾ ಇದೀರಾ?" ಎಂದು ನನ್ನನ್ನು ಕೇಳಿದರು. ಮನೆಯಲ್ಲಿ ಆ ಪ್ರಶ್ನೆ ಯಾರೂ ಕೇಳಿರಲಿಲ್ಲ, ಇವರೂ ಸೇರಿ. ತಜ್ಞರಿಗೆ ಹೇಳಿದೆವು, ಒಂದು ಮಾತ್ರೆ ಸೇರಿತು. ಮಾವ ಮೊದಲಿನಂತಾದರು ಎನ್ನಲಾರೆ. ಪೇಪರು ಓದುತ್ತಿದ್ದಾರೆ.

ಆಭಾದಲ್ಲಿ ಎಲ್ಲ ರಿಪೋರ್ಟು ಸೇರಿವೆಯೇ ಎಂದರೆ ಇಲ್ಲ. ಆಸ್ಪತ್ರೆಯ ಚೀಟಿಗಳು ಬಂದಿವೆ, ಪೇಟೆಯ ಲ್ಯಾಬಿನದ್ದು ಬಂದಿಲ್ಲ. ನಾನೇ ಫೋಟೊ ತೆಗೆದು ಹಾಕುತ್ತೇನೆ. ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಕಾಗದಗಳೂ ಇವೆ, ಅದನ್ನು ಬಿಸಾಡುವಷ್ಟು ಧೈರ್ಯ ಇನ್ನೂ ಬಂದಿಲ್ಲ.

ಮುಂದಿನ ಮುಖತಃ ಭೇಟಿ ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವುದು, ಶುರುವಾಗುವ ಮೊದಲು ಆಗಬೇಕು. ಆಮೇಲೆ ಮನೆಯಿಂದ ಒಂದು ಜನವೂ ಅಲುಗಾಡುವಂತಿಲ್ಲ. ಕೇಳಬೇಕಾದ್ದನ್ನು ಬರೆದಿಟ್ಟಿದ್ದೇನೆ: ಸಂಜೆ ನಾಲ್ಕರ ಹೊತ್ತಿಗೆ ಮಾತ್ರೆಯ ಬಲ ಇಳಿಯುವುದು, ರಾತ್ರಿ ಮಗ್ಗುಲು ತಿರುಗಲಾಗದ್ದು, ಎಡಗೈಯೂ ಬಿಗಿಯುತ್ತಿದೆಯೋ ಎಂಬುದು. ಅದನ್ನು ಅವರೇ ಹಿಡಿದು ನೋಡಬೇಕು. ಮಾವನಿಗೆ ಈ ಸಲದ ಪ್ರಯಾಣ ಬೇಡವೆನ್ನಿಸಿಲ್ಲ. ಹೋಗುವ ದಾರಿಯಲ್ಲಿ ಶಿರಸಿ ಇಳಿದು ಚಾಲಿ ದರ ವಿಚಾರಿಸಬೇಕಂತೆ.